ಏಳನೇ ಕ್ಲಾಸಿನ ಮಕ್ಕಳಿಗೆ ಕ್ವಾಂಟಮ್

ಬಂಟ್ವಾಳದ ಬಿ.ಸಿ. ರೋಡಿನಲ್ಲಿ ಬೆಳ್ತಂಗಡಿ ಬಸ್ಸಿಗೆ ಕಾಯುವ ಮಗುವೊಂದು ಅಂಗೈ ಅಗಲಿಸಿ ಆಕಾಶಕ್ಕೆ ಹಿಡಿದರೆ, ಸೆಕೆಂಡಿಗೆ ಹೆಚ್ಚುಕಡಿಮೆ ಒಂದರಂತೆ ಮ್ಯುವಾನ್ ಎಂಬ ಕಣ ಆ ಕೈಯನ್ನು ತೂರಿಕೊಂಡು ಹೋಗುತ್ತದೆ. ಲೆಕ್ಕ ಸುಲಭದ್ದು. ಸಮುದ್ರಮಟ್ಟದಲ್ಲಿ ಒಂದು ಚದರ ಸೆಂಟಿಮೀಟರ್ ಜಾಗಕ್ಕೆ ನಿಮಿಷಕ್ಕೆ ಸುಮಾರು ಒಂದು ಮ್ಯುವಾನ್ ಬಂದು ಬೀಳುತ್ತದೆ. ಹನ್ನೆರಡು ವರ್ಷದ ಮಗುವಿನ ಅಂಗೈ, ಬೆರಳು ಬಿಟ್ಟು, ಅರವತ್ತು ಚದರ ಸೆಂಟಿಮೀಟರಿನ ಆಸುಪಾಸು. ಬಸ್ಸು ಬಂದು ಒಳಗೆ ಕೂತರೂ ಈ ಕಣಗಳು ನಿಲ್ಲುವುದಿಲ್ಲ. ಮನೆಗೆ ಹೋಗಿ ಹಂಚಿನ ಮಾಡಿನಡಿ ಮಲಗಿದರೂ ರಾತ್ರಿಯಿಡೀ ಬರುತ್ತಲೇ ಇರುತ್ತವೆ.

ಮ್ಯುವಾನುಗಳು ಹುಟ್ಟುವುದು ನಮ್ಮ ತಲೆಯ ಮೇಲೆ ಸುಮಾರು 15 ಕಿಲೋಮೀಟರ್ ಎತ್ತರದಲ್ಲಿ. ಬಾಹ್ಯಾಕಾಶದಿಂದ ಭಾರೀ ವೇಗದಲ್ಲಿ ಬರುವ, ವಿಶ್ವಕಿರಣ ಎಂದು ಕರೆಯುವ ಪ್ರೋಟಾನುಗಳು ಅಲ್ಲಿ ಗಾಳಿಯ ಪರಮಾಣುಗಳಿಗೆ ಬಡಿಯುತ್ತವೆ. ಆ ಬಡಿತದಲ್ಲಿ ಪಯಾನ್ ಎಂಬ ಅಲ್ಪಾಯುಷಿ ಕಣಗಳು ಹುಟ್ಟಿ, ಅವು ಒಡೆದು ಮ್ಯುವಾನುಗಳಾಗುತ್ತವೆ. ಮ್ಯುವಾನ್ ಎಂದರೆ ಎಲೆಕ್ಟ್ರಾನಿನದೇ ಗುಣದ, ಅದಕ್ಕಿಂತ 207 ಪಟ್ಟು ಭಾರದ ಕಣ. ಅದರ ಸರಾಸರಿ ಆಯುಸ್ಸು ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿದರೆ ಎರಡು ಪಾಲಿಗಿಂತ ತುಸು ಹೆಚ್ಚು, ಅಷ್ಟೆ. ಬೆಳಕಿನ ವೇಗದಲ್ಲೇ ಓಡಿದರೂ ಅಷ್ಟು ಹೊತ್ತಿನಲ್ಲಿ ಸಾಗಬಹುದಾದ್ದು 660 ಮೀಟರ್. ಹಾಗಿದ್ದರೆ 15 ಕಿಲೋಮೀಟರ್ ಇಳಿದು ಬಂಟ್ವಾಳದ ಮಗುವಿನ ಕೈಗೆ ಅದು ಮುಟ್ಟಿದ್ದು ಹೇಗೆ? ಅಷ್ಟು ವೇಗದಲ್ಲಿ ಓಡುವ ಕಣದ ಗಡಿಯಾರ ನಮ್ಮ ಗಡಿಯಾರಕ್ಕಿಂತ ನಿಧಾನವಾಗಿ ನಡೆಯುತ್ತದೆ ಎಂಬುದು ಉತ್ತರ. ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತದ ಈ ಮಾತು ವಿಶ್ವಕಿರಣದ ಕಣಗಳಲ್ಲಿ ಕಾಣಿಸಬೇಕು ಎಂದು 1938ರಲ್ಲೇ ಸೂಚಿಸಿದವರು ಹೋಮಿ ಭಾಭಾ. ಮರುವರ್ಷ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು, ಅಲ್ಲಿ ವಿಶ್ವಕಿರಣಗಳ ಅಧ್ಯಯನಕ್ಕೇ ಒಂದು ವಿಭಾಗ ಕಟ್ಟಿದರು.

ಮಕ್ಕಳಿಗೆ ಮೂಲಕಣಗಳನ್ನು ಪರಿಚಯಿಸಲು ಹೊರಟವರು ಸಾಮಾನ್ಯವಾಗಿ ಗೋಡೆಗೆ ಒಂದು ಪಟ್ಟಿ ತೂಗುಹಾಕುತ್ತಾರೆ. ಆರು ಕ್ವಾರ್ಕ್, ಆರು ಲೆಪ್ಟಾನ್, ಬಲಗಳನ್ನು ಸಾಗಿಸುವ ನಾಲ್ಕು ಕಣ, 2012ರ ಜುಲೈ 4ರಂದು ಘೋಷಣೆಯಾದ ಹಿಗ್ಸ್: ಒಟ್ಟು ಹದಿನೇಳು ಹೆಸರು. ಬಾಯಿಪಾಠ ಮಾಡಿದ ಮಗು ಕ್ವಿಜ್‌ನಲ್ಲಿ ಬಹುಮಾನ ತರಬಹುದು. ಆದರೆ ಆ ಪಟ್ಟಿಯಲ್ಲಿ ಯಾವುದು ಯಾಕಿದೆ, ಯಾರು ಹೇಗೆ ಅದನ್ನು ಹಿಡಿದರು ಎಂದು ಕೇಳಿದರೆ ಮೌನ. ಕಣಗಳ ಪಾಠ ಎಣಿಕೆಯಿಂದ ಶುರುವಾಗಬೇಕು, ಹೆಸರು ಆಮೇಲೆ ಬರಲಿ. ಕಣ್ಣಿಗೆ ಕಾಣದ್ದನ್ನು ಮನುಷ್ಯ ಎಣಿಸಿದ್ದು ಹೇಗೆ ಎಂಬುದೇ ಇಲ್ಲಿ ದೊಡ್ಡ ಸಂಗತಿ, ಮತ್ತು ಅದು ಏಳನೇ ಕ್ಲಾಸಿನ ಮಗುವಿಗೆ ಪೂರ್ತಿ ಅರ್ಥವಾಗುವ ಸಂಗತಿ.

ಈ ಎಣಿಕೆಯ ಕೆಲಸದಲ್ಲಿ ಕರ್ನಾಟಕದ ಪಾಲು ಬಹಳ ದೊಡ್ಡದು. ಕೆ.ಜಿ.ಎಫ್. ಎಂದರೆ ಸಿನಿಮಾ ನೆನಪಾಗುವ ಮಕ್ಕಳಿಗೆ ಮೊದಲು ಹೇಳಬೇಕಾದ್ದೇ ಈ ಕಥೆ. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದ ಯುವಕ. ಭಾಭಾ ಅವರ ಸೂಚನೆಯಂತೆ 1951ರ ಹೊತ್ತಿಗೆ ಅವರು ಕಣ ಎಣಿಸುವ ಉಪಕರಣಗಳನ್ನು ಹೊತ್ತು ಕೋಲಾರದ ಚಿನ್ನದ ಗಣಿಗಳಿಗೆ ಇಳಿದರು. ಪ್ರಶ್ನೆ ಸರಳವಾಗಿತ್ತು: ನೆಲದ ಮೇಲೆ ಇಷ್ಟು ಮ್ಯುವಾನ್ ಬೀಳುತ್ತಿದ್ದರೆ ನೆಲದಡಿ ಎಷ್ಟು ಆಳಕ್ಕೆ ಎಷ್ಟು ಉಳಿಯುತ್ತವೆ? ಕೆಳಗಿಳಿದಂತೆ ಎಣಿಕೆ ಕಮ್ಮಿಯಾಗುತ್ತ ಹೋಯಿತು. ಮುಂದಿನ ದಶಕದ ಆರಂಭದಲ್ಲಿ ಅವರ ಸಂಸ್ಥೆಯವರು ಇನ್ನೂ ಆಳದಲ್ಲಿ ಉಪಕರಣ ಇಟ್ಟು ವಾರಗಟ್ಟಲೆ ಕಾದರೂ ಒಂದೇ ಒಂದು ಮ್ಯುವಾನ್ ಬರಲಿಲ್ಲ.

ಸೊನ್ನೆ ಬಂದರೆ ಪ್ರಯೋಗ ಕೆಟ್ಟಿತು ಎನ್ನುವುದು ಶಾಲೆಯ ಅಭ್ಯಾಸ. ಇಲ್ಲಿ ಆ ಸೊನ್ನೆಯೇ ದಾರಿ ತೋರಿಸಿತು. ಮೇಲಿನಿಂದ ಏನೂ ಬರದ ಜಾಗವೆಂದರೆ, ಬೇರೆ ಯಾವ ಗದ್ದಲವೂ ಇಲ್ಲದೆ ನ್ಯೂಟ್ರಿನೊವನ್ನು ಕಾಯಬಹುದಾದ ಜಾಗ. ನ್ಯೂಟ್ರಿನೊ ಬಹುಮಟ್ಟಿಗೆ ಯಾವುದನ್ನೂ ತಾಗದೆ ಹಾದುಹೋಗುವ ಕಣ. ಸೂರ್ಯನಿಂದ ಹೊರಟ ನ್ಯೂಟ್ರಿನೊಗಳು ಸೆಕೆಂಡಿಗೆ ಸುಮಾರು 6,500 ಕೋಟಿ, ನಮ್ಮ ಒಂದೊಂದು ಚದರ ಸೆಂಟಿಮೀಟರ್ ಜಾಗವನ್ನೂ ದಾಟುತ್ತಿರುತ್ತವೆ. ರಾತ್ರಿ ಅವು ಭೂಮಿಯನ್ನೇ ತೂರಿಕೊಂಡು, ಮಲಗಿದ ಮಗುವಿನ ಬೆನ್ನಿನ ಕಡೆಯಿಂದ ಬರುತ್ತವೆ. ಗಾಳಿಯಲ್ಲಿ ಮ್ಯುವಾನ್ ಹುಟ್ಟುವಾಗ ಜತೆಗೇ ಹುಟ್ಟುವ ನ್ಯೂಟ್ರಿನೊಗಳದು ಇನ್ನೊಂದು ಗುಂಪು. ಈ ಎರಡನೆಯ ಗುಂಪನ್ನು ಅಲ್ಲಿಯವರೆಗೆ ಯಾರೂ ಹಿಡಿದಿರಲಿಲ್ಲ.

1965ರಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ, 7,600 ಅಡಿ ಆಳದಲ್ಲಿ, ಮುಂಬಯಿಯ ಸಂಸ್ಥೆಯವರು ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ ಮತ್ತು ಇಂಗ್ಲೆಂಡಿನ ಡರ್‌ಹಮ್ ವಿಶ್ವವಿದ್ಯಾಲಯದವರ ಜತೆ ಸೇರಿ ಉಪಕರಣ ಜೋಡಿಸಿದರು. ಅವರು ಕಾದದ್ದು ಅಡ್ಡಡ್ಡ ಬರುವ ಮ್ಯುವಾನಿಗೆ. ಮೇಲಿನಿಂದ ನೆಟ್ಟಗೆ ಬಂದದ್ದಾದರೆ ಅದು ಆಕಾಶದ ಮ್ಯುವಾನೇ ಇರಬಹುದು ಎಂಬ ಸಂಶಯ ಉಳಿಯುತ್ತದೆ. ಅಡ್ಡಡ್ಡ ಬರಬೇಕಾದರೆ ಅದು ಹತ್ತಾರು ಕಿಲೋಮೀಟರ್ ಬಂಡೆ ಕೊರೆದು ಬರಬೇಕು. ಯಾವ ಮ್ಯುವಾನಿಗೂ ಆ ಶಕ್ತಿಯಿಲ್ಲ. ಹಾಗಾದರೆ ಅದು ಪಕ್ಕದ ಬಂಡೆಯೊಳಗೇ ಹುಟ್ಟಿರಬೇಕು, ಹುಟ್ಟಿಸಿದ್ದು ನ್ಯೂಟ್ರಿನೊ ಆಗಿರಬೇಕು. ಅಂಥ ಅಡ್ಡ ಮ್ಯುವಾನುಗಳು ಬಂದವು. ಫಲಿತಾಂಶ ಆ ವರ್ಷದ ಆಗಸ್ಟ್‌ನಲ್ಲಿ ಅಚ್ಚಾಯಿತು. ದಕ್ಷಿಣ ಆಫ್ರಿಕದ ಚಿನ್ನದ ಗಣಿಯಲ್ಲಿ ಇದೇ ಬೇಟೆಯಲ್ಲಿದ್ದ ಫ್ರೆಡರಿಕ್ ರೈನ್ಸ್ ತಂಡದ ವರದಿ ಅದೇ ತಿಂಗಳು ತುಸು ತಡವಾಗಿ ಬಂತು. ಕೋಲಾರದ ತಂಡದ ಮುಂಚೂಣಿಯಲ್ಲಿದ್ದ ಎಂ.ಜಿ.ಕೆ. ಮೆನನ್ ಹುಟ್ಟಿದ್ದು 1928ರಲ್ಲಿ, ಮಂಗಳೂರಿನಲ್ಲಿ. ಈ ಒಂದು ಸಂಗತಿ ಗೊತ್ತಾದರೆ ಮೂಡುಬಿದಿರೆಯ ಮಗುವಿಗೆ ನ್ಯೂಟ್ರಿನೊ ಎಷ್ಟು ಹತ್ತಿರದ್ದಾಗುತ್ತದೆ!

ಗಣಿ ಇಲ್ಲದ ತಾಲೂಕುಗಳಲ್ಲಿ ಬಂಡೆಗಳಿವೆ. ಬೆಳ್ತಂಗಡಿಯ ಯಾವ ಮೂಲೆಯ ಮಗುವಿಗೂ ಗಡಾಯಿಕಲ್ಲು ಗೊತ್ತು; ಟಿಪ್ಪು ಜಮಾಲಾಬಾದ್ ಎಂದು ಕೋಟೆ ಕಟ್ಟಿಸಿದ ಆ ಒಂಟಿ ಬಂಡೆ ಊರಿಗೆಲ್ಲ ಗುರುತು. ಅದರ ಬುಡದಲ್ಲಿ ನಿಂತು ಮ್ಯುವಾನ್ ಎಣಿಸಿದರೆ ಬಯಲ ಕಡೆಯಿಂದ ಬರುವುದಕ್ಕಿಂತ ಬಂಡೆಯ ಕಡೆಯಿಂದ ಬರುವುದು ಕಮ್ಮಿ ಇರಲೇಬೇಕು. ಕಲ್ಲು ದಪ್ಪವಾದಷ್ಟೂ ಎಣಿಕೆ ಇಳಿಯುತ್ತದೆ. ಎಣಿಕೆಯಿಂದಲೇ ಕಲ್ಲಿನ ದಪ್ಪ ಹೇಳಬಹುದು. 1960ರ ದಶಕದ ಕೊನೆಯಲ್ಲಿ ಭೌತವಿಜ್ಞಾನಿ ಲೂಯಿಸ್ ಆಲ್ವರೆಜ್ ಈಜಿಪ್ಟಿನಲ್ಲಿ ಖಫ್ರೆಯ ಪಿರಮಿಡ್ಡಿನೊಳಗೆ ಉಪಕರಣವಿಟ್ಟು ಗುಪ್ತ ಕೋಣೆ ಹುಡುಕಿದ್ದು ಹೀಗೆ. ಅವರಿಗೆ ಅಲ್ಲಿ ಕೋಣೆ ಸಿಗಲಿಲ್ಲ. 2017ರಲ್ಲಿ ಖುಫುವಿನ ಮಹಾ ಪಿರಮಿಡ್ಡಿನೊಳಗೆ ದೊಡ್ಡ ಪೊಳ್ಳೊಂದು ಇದೇ ವಿಧಾನದಿಂದ ಪತ್ತೆಯಾಯಿತು. ಒಂದು ಕಲ್ಲನ್ನೂ ಕದಲಿಸಲಿಲ್ಲ.

ಮ್ಯುವಾನಿನ ದಾರಿಯನ್ನು ಕಣ್ಣಾರೆ ನೋಡುವುದಕ್ಕೂ ಆಗುತ್ತದೆ. 1894ರ ಸೆಪ್ಟೆಂಬರಿನಲ್ಲಿ ಸಿ.ಟಿ.ಆರ್. ವಿಲ್ಸನ್ ಎಂಬ ತರುಣ ಸ್ಕಾಟ್ಲೆಂಡಿನ ಬೆನ್ ನೆವಿಸ್ ಬೆಟ್ಟದ ತುದಿಯ ವೀಕ್ಷಣಾಲಯದಲ್ಲಿ ಕೆಲವು ವಾರ ಇದ್ದರು. ಮೋಡದ ಮೇಲೆ ಬಿದ್ದ ನೆರಳಿನ ಸುತ್ತ ಬಣ್ಣದ ಉಂಗುರಗಳನ್ನು ಕಂಡು, ಆ ಮೋಡವನ್ನು ಪ್ರಯೋಗಾಲಯದ ಗಾಜಿನೊಳಗೆ ಮಾಡಿ ನೋಡಬೇಕೆಂದು ಹಟ ಹಿಡಿದರು. ಮಳೆಗಾಲದಲ್ಲಿ ಚಾರ್ಮಾಡಿ ಘಾಟಿ ಹತ್ತಿದ ಮಕ್ಕಳಿಗೆ ಅಂಥ ಮೋಡ ಹೊಸದಲ್ಲ. ವಿಲ್ಸನ್ ಗಾಜಿನೊಳಗೆ ಮಾಡಿದ ಮೋಡದಲ್ಲಿ 1911ರಲ್ಲಿ ಕಣಗಳ ಜಾಡು ಬಿಳಿ ಗೆರೆಯಾಗಿ ಕಂಡಿತು. ಅವರಿಗೆ 1927ರಲ್ಲಿ ನೊಬೆಲ್ ಬಂತು.

ಅದರ ಸುಲಭ ರೂಪವನ್ನು ಪ್ರೌಢಶಾಲೆಯಲ್ಲೇ ಮಾಡಬಹುದು. ಒಂದು ಗಾಜಿನ ಪೆಟ್ಟಿಗೆ, ಒಳಗೆ ಮೇಲ್ಭಾಗಕ್ಕೆ ಅಂಟಿಸಿದ ದಪ್ಪ ಬಟ್ಟೆ, ಆ ಬಟ್ಟೆ ತೋಯುವಷ್ಟು ಐಸೊಪ್ರೊಪೈಲ್ ಆಲ್ಕೋಹಾಲ್, ಕೆಳಗೆ ಕಪ್ಪು ಬಳಿದ ಲೋಹದ ತಟ್ಟೆ, ಅದರಡಿ ಡ್ರೈ ಐಸ್. ಡ್ರೈ ಐಸಿನ ಉಷ್ಣತೆ ಸೊನ್ನೆಗಿಂತ 78 ಡಿಗ್ರಿ ಕೆಳಗೆ. ಕೈಗವಸು ಮತ್ತು ಗಾಳಿಯಾಡುವ ಕೋಣೆ ಬೇಕೇ ಬೇಕು, ಹತ್ತಿರ ಬೆಂಕಿ ಇರಬಾರದು, ಜತೆಗೆ ಅಧ್ಯಾಪಕರು ಇರಲೇಬೇಕು. ಮೇಲಿನ ಆವಿ ಕೆಳಗಿಳಿದು ತಣಿಯುತ್ತದೆ, ಹನಿಯಾಗಲು ಒಂದು ನೆಪಕ್ಕೆ ಕಾಯುತ್ತಿರುತ್ತದೆ. ಕಣವೊಂದು ಹಾದು ಹೋದಾಗ ದಾರಿಯುದ್ದಕ್ಕೂ ಗಾಳಿಯ ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತು ಹೋಗುತ್ತದೆ. ಹಾಗೆ ಉಳಿದ ವಿದ್ಯುದಂಶದ ಸುತ್ತ ಹನಿ ಕಟ್ಟುತ್ತದೆ. ಕೋಣೆಯ ದೀಪ ಆರಿಸಿ ಪಕ್ಕದಿಂದ ಟಾರ್ಚ್ ಬಿಟ್ಟರೆ ತಟ್ಟೆಯ ಮೇಲೆ ನೂಲಿನಷ್ಟು ತೆಳ್ಳಗಿನ ನೇರ ಗೆರೆಗಳು ಮೂಡಿ ಅಳಿಯುತ್ತವೆ. ನೇರ, ಉದ್ದದ ಗೆರೆಗಳಲ್ಲಿ ಹೆಚ್ಚಿನವು ಮ್ಯುವಾನಿನವು. ಅಡ್ಡಾದಿಡ್ಡಿ ಸುತ್ತಿ ಹೋದದ್ದು ಎಲೆಕ್ಟ್ರಾನ್. ಮೋಟಾದ, ದಪ್ಪದ ಗೆರೆ ಗಾಳಿಯಲ್ಲೇ ಇರುವ ರೇಡಾನ್ ಅನಿಲ ಬಿಟ್ಟ ಆಲ್ಫಾ ಕಣದ್ದು. ಹಿಂದೆ ಯಕ್ಷಗಾನದ ರಂಗಸ್ಥಳ ಬೆಳಗಿದ ಗ್ಯಾಸ್‌ಲೈಟಿನ ಮ್ಯಾಂಟಲ್ಲಿನಲ್ಲೂ ಇಂಥ ಕಣ ಬಿಡುವ ಥೋರಿಯಮ್ ಇತ್ತು. ಆ ಬಿಳಿ ಬೆಳಕಿಗೆ ಕಾರಣವೇ ಥೋರಿಯಮ್ ಮತ್ತು ಸೀರಿಯಮ್‌ಗಳ ಆಕ್ಸೈಡು.

ಇಷ್ಟು ನೋಡಿದ ಮೇಲೆ ಕ್ವಾಂಟಮ್ಮಿಗೆ ಬರಬಹುದು. ಅದಕ್ಕೆ ಬೇಕಾದ ಸಾಮಾನು ಮೂಡುಬಿದಿರೆ ಪೇಟೆಯ ಫ್ಯಾನ್ಸಿ ಅಂಗಡಿಯಲ್ಲೇ ಸಿಗುವಂಥದ್ದು: ಕತ್ತಲೆಯಲ್ಲಿ ಹಸಿರಾಗಿ ಹೊಳೆಯುವ ನಕ್ಷತ್ರದ ಸ್ಟಿಕ್ಕರ್, ಒಂದು ಕೆಂಪು ಲೇಸರ್ ಪಾಯಿಂಟರ್, ಒಂದು ನೀಲಿ ಎಲ್‌ಇಡಿ. ಸ್ಟಿಕ್ಕರನ್ನು ಕತ್ತಲೆಯಲ್ಲಿ ಪೂರ್ತಿ ಆರಲು ಬಿಡಬೇಕು. ಆಮೇಲೆ ಕೆಂಪು ಲೇಸರನ್ನು ಅದರ ಮೇಲೆ ಎಷ್ಟು ಹೊತ್ತು ಹಿಡಿದರೂ, ತೆಗೆದ ಮೇಲೆ ಅಲ್ಲಿ ಏನೂ ಹೊಳೆಯುವುದಿಲ್ಲ. ನೀಲಿ ಎಲ್‌ಇಡಿಯನ್ನು ಕ್ಷಣ ಹೊತ್ತು ತಾಗಿಸಿದರೆ ಸಾಕು, ತಾಗಿಸಿದ ಜಾಗ ಹಸಿರಾಗಿ ಉಳಿಯುತ್ತದೆ. ಅದರಿಂದ ಹೆಸರೇ ಬರೆಯಬಹುದು. ಮಕ್ಕಳು ಇದನ್ನು ಮತ್ತೆ ಮತ್ತೆ ಮಾಡಿ ನೋಡಬೇಕು. ಕೆಂಪು ಲೇಸರು ನೀಲಿ ದೀಪಕ್ಕಿಂತ ಕಣ್ಣಿಗೆ ಎಷ್ಟೋ ಪ್ರಖರ. ಆದರೂ ಸೋತದ್ದು ಅದು.

ಬೆಳಕು ಬರುವುದು ಬಿಡಿಬಿಡಿಯಾಗಿ, ಮತ್ತು ಕೆಂಪು ಬೆಳಕಿನ ಒಂದೊಂದು ಬಿಡಿಯಲ್ಲಿರುವ ಶಕ್ತಿ ನೀಲಿಯದಕ್ಕಿಂತ ಕಮ್ಮಿ ಎಂಬುದು ಇದಕ್ಕೆ ಕಾರಣ. ಆ ಬಿಡಿಗೆ ಫೋಟಾನ್ ಎಂದು ಹೆಸರು. ತೋಟದ ಅಂಚಿನ ಮಾವಿನ ಮರಕ್ಕೆ ನೂರು ಸಣ್ಣ ಹರಳು ಎಸೆದರೂ ತೊಟ್ಟು ಗಟ್ಟಿಯಿರುವ ಕಾಯಿ ಉದುರದು; ತಕ್ಕ ಗಾತ್ರದ ಒಂದೇ ಕಲ್ಲು ಉದುರಿಸುತ್ತದೆ. ಸ್ಟಿಕ್ಕರಿನೊಳಗಿನ ಎಲೆಕ್ಟ್ರಾನನ್ನು ಮೇಲೆತ್ತಲು ನೀಲಿ ಫೋಟಾನ್ ಸಾಕು, ಕೆಂಪು ಸಾಲದು. 1900ರಲ್ಲಿ ಮ್ಯಾಕ್ಸ್ ಪ್ಲಾಂಕ್ ಕಾದ ವಸ್ತುಗಳ ಬೆಳಕಿನ ಲೆಕ್ಕ ಸರಿಹೊಂದಿಸಲು ಈ ಬಿಡಿಬಿಡಿಯ ಊಹೆ ಮಾಡಿದರು. 1905ರಲ್ಲಿ ಐನ್‌ಸ್ಟೈನ್ ಬೆಳಕೇ ಹಾಗೆ ಎಂದರು. ನಮ್ಮ ದ್ವಿತೀಯ ಪಿಯುಸಿಯಲ್ಲಿ ದ್ಯುತಿವಿದ್ಯುತ್ ಪರಿಣಾಮ ಎಂಬ ಪಾಠವಾಗಿ ಬರುವುದು ಇದೇ. ಸ್ಟಿಕ್ಕರು ನೋಡಿದ ಮಗು ಆ ಪಾಠಕ್ಕೆ ಐದು ವರ್ಷ ಮುಂಚೆಯೇ ಸಿದ್ಧವಾಗಿರುತ್ತದೆ.

ಎಲ್‌ಇಡಿಯಲ್ಲೂ ಇದೇ ತೋರುತ್ತದೆ. ಟಾರ್ಚಿನ ಸೆಲ್ಲುಗಳನ್ನು ಜೋಡಿಸಿ ವೋಲ್ಟೇಜನ್ನು ಮೆಲ್ಲಗೆ ಏರಿಸಿದರೆ ಕೆಂಪು ಎಲ್‌ಇಡಿ 1.8 ವೋಲ್ಟಿನ ಹತ್ತಿರ ಹೊತ್ತಿಕೊಳ್ಳುತ್ತದೆ. ನೀಲಿ ಹೊತ್ತಬೇಕಾದರೆ 2.5 ವೋಲ್ಟ್ ದಾಟಬೇಕು. ಜಾತ್ರೆಯ ಸೀರಿಯಲ್ ಲೈಟಿನ ಒಂದೊಂದು ಬಣ್ಣಕ್ಕೂ ಒಂದೊಂದು ದರ.

ಕಷ್ಟದ ಭಾಗ ಇನ್ನು ಮುಂದಿದೆ. ಅದಕ್ಕೂ ಒಂದು ಪ್ರಯೋಗ ಉಂಟು. ತಲೆಗೂದಲೊಂದನ್ನು ರಟ್ಟಿನ ಚೌಕಟ್ಟಿಗೆ ಬಿಗಿದು ಅಂಟಿಸಿ, ಕೆಂಪು ಲೇಸರನ್ನು ಅದರ ಮೇಲೆ ಬಿಟ್ಟರೆ ಮೂರು ಮೀಟರ್ ದೂರದ ಗೋಡೆಯಲ್ಲಿ ಬೆಳಕು ಕತ್ತಲೆಯ ಪಟ್ಟಿಗಳು ಸಾಲಾಗಿ ಮೂಡುತ್ತವೆ. (ಲೇಸರನ್ನು ಯಾರ ಕಣ್ಣಿಗೂ ಬಿಡಬಾರದು, ಕನ್ನಡಿಗೂ ಬಿಡಬಾರದು.) ಒಂದು ಕಪ್ಪು ಪಟ್ಟಿಯಿಂದ ಮುಂದಿನದಕ್ಕೆ 2.8 ಸೆಂಟಿಮೀಟರ್ ಇದೆಯೆನ್ನಿ. ಲೇಸರಿನ ತರಂಗದೂರ 650 ನ್ಯಾನೊಮೀಟರ್ ಆಗಿದ್ದರೆ ಕೂದಲಿನ ದಪ್ಪ ಸುಮಾರು 0.07 ಮಿಲಿಮೀಟರ್ ಎಂದು ಲೆಕ್ಕ ಸಿಗುತ್ತದೆ. ಅಜ್ಜಿಯ ಬಿಳಿಗೂದಲು, ತಂಗಿಯ ಎಳೆಗೂದಲು, ತನ್ನದು, ಎಲ್ಲವನ್ನೂ ಅಳೆಯಬಹುದು. ಇಂಥ ಪಟ್ಟಿ ಮೂಡುವುದು ಅಲೆಗಳಿಂದ ಮಾತ್ರ: ಕೂದಲಿನ ಎರಡೂ ಬದಿಯಿಂದ ಬಂದ ಅಲೆಗಳು ಒಂದು ಕಡೆ ಕೂಡಿಕೊಂಡು ಬೆಳಗುತ್ತವೆ, ಇನ್ನೊಂದು ಕಡೆ ಒಂದನ್ನೊಂದು ಅಳಿಸುತ್ತವೆ. ಹಾಗಾದರೆ ಬೆಳಕು ಬಿಡಿಬಿಡಿಯಾಗಿ ಬರುತ್ತದೆಂದು ಸ್ಟಿಕ್ಕರ್ ಹೇಳಿದ್ದು?

1909ರಲ್ಲಿ ಜೆಫ್ರಿ ಟೇಲರ್ ಎಂಬ ಕೇಂಬ್ರಿಜಿನ ಹುಡುಗ ಇದನ್ನೇ ಕೇಳಿಕೊಂಡು, ಕೂದಲಿನ ಬದಲು ಸೂಜಿ ಇಟ್ಟು, ದೀಪದ ಬೆಳಕನ್ನು ಮಸಿ ಹಿಡಿಸಿದ ಗಾಜುಗಳಿಂದ ತಡೆದು ತಡೆದು ಕ್ಷೀಣಗೊಳಿಸಿದರು. ಅತಿ ಮಂದ ಬೆಳಕಿನಲ್ಲಿ ಛಾಯಾಚಿತ್ರದ ಫಲಕದ ಮೇಲೆ ಗುರುತು ಮೂಡಲು ಸುಮಾರು ಮೂರು ತಿಂಗಳು ಹಿಡಿಯಿತು. ಆದರೂ ಪಟ್ಟಿಗಳು ಹಾಗೇ ಇದ್ದವು. 1989ರಲ್ಲಿ ಜಪಾನಿನ ಅಕಿರ ತೊನೊಮುರ ಅವರ ತಂಡ ಎಲೆಕ್ಟ್ರಾನುಗಳನ್ನು ಒಂದಾದ ಮೇಲೊಂದರಂತೆ ಬಿಟ್ಟು, ಪರದೆಯ ಮೇಲೆ ಒಂದೊಂದೂ ಒಂದು ಚುಕ್ಕಿಯಾಗಿ ಬೀಳುವುದನ್ನು ಚಿತ್ರೀಕರಿಸಿತು. ಹತ್ತು ಚುಕ್ಕಿಗೆ ಯಾವ ಕ್ರಮವೂ ಕಾಣದು. ಸಾವಿರಾರು ಬಿದ್ದ ಮೇಲೆ ಪಟ್ಟಿಗಳು ತಾವಾಗಿ ಎದ್ದು ನಿಲ್ಲುತ್ತವೆ. ಈ ಬಗೆಯ ಪ್ರಶ್ನೆಗಳ ಮೇಲೆ ಇಂದು ಕೆಲಸ ನಡೆಯುತ್ತಿರುವ ಕಡೆಗಳಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯೂ ಒಂದು. ಅಲ್ಲಿನ ಊರ್ಬಸಿ ಸಿನ್ಹಾ 2010ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಎರಡರ ಬದಲು ಮೂರು ಸೀಳುಗಳನ್ನಿಟ್ಟು ಫೋಟಾನುಗಳನ್ನು ಪರೀಕ್ಷಿಸಿದವರು.

ಒಂದೇ ಎಲೆಕ್ಟ್ರಾನ್ ಯಾವ ಬದಿಯಿಂದ ಹೋಯಿತು? ಮಗು ಖಂಡಿತ ಕೇಳುತ್ತದೆ. ಇಲ್ಲಿ ಅಧ್ಯಾಪಕರು ಸುಳ್ಳು ಸಮಾಧಾನ ಹೇಳಬಾರದು. ನೋಡದೆ ಬಿಟ್ಟಾಗ "ಈ ಬದಿಯಿಂದ" ಎನ್ನುವ ಉತ್ತರಕ್ಕೇ ಅರ್ಥವಿಲ್ಲ. ನೋಡಲು ಹೊರಟರೆ ಪಟ್ಟಿಗಳೇ ಹೋಗುತ್ತವೆ. ಪ್ರಕೃತಿ ಇರುವುದು ಹೀಗೆ. ಸೂರ್ಯನ ಸುತ್ತ ಗ್ರಹಗಳಂತೆ ಎಲೆಕ್ಟ್ರಾನುಗಳು ಸುತ್ತುವ ಚಿತ್ರವನ್ನು ಪಠ್ಯಪುಸ್ತಕದ ಹೊದಿಕೆಯಿಂದ ಹಿಡಿದು ಶಾಲೆಯ ಗೋಡೆಯ ತನಕ ಬಿಡಿಸಿರುತ್ತೇವೆ. ಆ ಚಿತ್ರ ತಪ್ಪು ಎಂಬುದು ನೂರು ವರ್ಷದಿಂದ ಗೊತ್ತಿದೆ. ಸುತ್ತುವ ಎಲೆಕ್ಟ್ರಾನ್ ಬೆಳಕು ಸೂಸುತ್ತ ಕ್ಷಣಾರ್ಧದಲ್ಲಿ ನ್ಯೂಕ್ಲಿಯಸ್ಸಿಗೆ ಬಿದ್ದುಬಿಡಬೇಕಿತ್ತು, ಬೀಳುವುದಿಲ್ಲ. ಪ್ರೌಢಶಾಲೆಗೆ ಬಂದ ಮಗುವಿಗೆ ಇಷ್ಟಾದರೂ ಹೇಳಿ ಆ ಚಿತ್ರ ತೋರಿಸಿದರೆ ಸಾಕು.

ಮೂಡುಬಿದಿರೆಯಲ್ಲಿ ಈ ಪಾಠ ಮಾಡುವವರಿಗೆ ಇನ್ನೊಂದು ಪ್ರಶ್ನೆ ಎದುರಾಗುತ್ತದೆ: ನಮ್ಮ ಬಸದಿಯ ಗ್ರಂಥಗಳಲ್ಲೂ ಪರಮಾಣು ಇದೆಯಲ್ಲ? ಇದೆ. ಇಲ್ಲಿನ ಜೈನ ಮಠ ಶತಮಾನಗಳಿಂದ ಕಾಪಾಡಿಕೊಂಡು ಬಂದ ಧವಳಾ ತಾಳೆಗರಿಗಳು ಷಟ್‌ಖಂಡಾಗಮಕ್ಕೆ ವೀರಸೇನರು ಬರೆದ ವ್ಯಾಖ್ಯಾನ. ಭಾಷೆ ಪ್ರಾಕೃತ, ಸಂಸ್ಕೃತ, ಲಿಪಿ ಹಳಗನ್ನಡದ್ದು. ಮುದ್ರಣದಲ್ಲಿ ಅದರ ಮೊದಲ ಸಂಪುಟ ಹೊರಬಂದದ್ದು 1939ರಲ್ಲಿ. ಜೈನ ಚಿಂತಕರು ಪುದ್ಗಲದ, ಎಂದರೆ ಜಡವಸ್ತುವಿನ, ಕೊನೆಯ, ಒಡೆಯಲಾಗದ ತುಣುಕನ್ನು ಪರಮಾಣುವೆಂದರು. ಸ್ನಿಗ್ಧ (ಜಿಡ್ಡು) ಮತ್ತು ರೂಕ್ಷ (ಒಣ) ಎಂಬ ಎರಡು ಗುಣಗಳಿಂದ ಅವು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ ಎಂದು ವಾದಿಸಿದರು. ಎರಡು ವಿರುದ್ಧ ಗುಣಗಳು ವಸ್ತುವನ್ನು ಕಟ್ಟುತ್ತವೆ ಎಂಬ ಆ ಯೋಚನೆ ಎಷ್ಟು ಹರಿತವಾದದ್ದು! ಅದನ್ನು ಗೌರವದಿಂದ ಹೇಳಬೇಕು. ಜತೆಗೆ, ಅದು ತರ್ಕದಿಂದ ತಲುಪಿದ ನಿಲುವು, ಕೋಲಾರದ್ದು ಎಣಿಸಿ ತಲುಪಿದ್ದು ಎಂಬ ವ್ಯತ್ಯಾಸವನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಇಂದಿನ ವಿಜ್ಞಾನದ ಪರಮಾಣು ಒಡೆಯುತ್ತದೆ. ಅದರೊಳಗಿನ ಪ್ರೋಟಾನಿನಲ್ಲೂ ಎರಡು ಅಪ್ ಕ್ವಾರ್ಕ್, ಒಂದು ಡೌನ್ ಕ್ವಾರ್ಕ್ ಇವೆ. ಈ ಎರಡು ಪರಮಾಣುಗಳನ್ನೂ ಒಂದೇ ಎಂದು ಕಲಸಿಬಿಟ್ಟರೆ ವೀರಸೇನರಿಗೂ ನ್ಯಾಯವಾಗದು, ಮಕ್ಕಳಿಗೂ ಆಗದು.

ಇನ್ನೂ ಅಪಾಯದ ಕಲಬೆರಕೆ ಬೇರೆ ಇದೆ. ಕ್ವಾಂಟಮ್ ಎಂಬ ಹೆಸರಿಟ್ಟು ಲಾಕೆಟ್ಟು, ಬಳೆ, ನೀರಿನ ಯಂತ್ರಗಳನ್ನು ಆರೋಗ್ಯಕ್ಕೆಂದು ಮಾರುವವರಿದ್ದಾರೆ. 2021ರ ಡಿಸೆಂಬರಿನಲ್ಲಿ ನೆದರ್ಲೆಂಡ್ಸ್‌ನ ಪರಮಾಣು ಸುರಕ್ಷತಾ ಪ್ರಾಧಿಕಾರ ಇಂಥ ಹತ್ತು ವಸ್ತುಗಳು ನಿಜಕ್ಕೂ ವಿಕಿರಣ ಸೂಸುತ್ತವೆ, ಮೈಮೇಲೆ ಧರಿಸಬೇಡಿ ಎಂದು ಎಚ್ಚರಿಸಬೇಕಾಯಿತು. ಸ್ಟಿಕ್ಕರು, ಕೂದಲು, ಗಾಜಿನ ಪೆಟ್ಟಿಗೆ ನೋಡಿ ಕಲಿತ ಮಗು ಇಂಥ ಅಂಗಡಿಯ ಮುಂದೆ ನಿಂತು ಕೇಳಬೇಕಾದ್ದನ್ನು ಕೇಳುತ್ತದೆ.

ಕನ್ನಡದಲ್ಲಿ ಇದನ್ನೆಲ್ಲ ಹೇಳಲಾದೀತೇ ಎಂಬ ಸಂಶಯಕ್ಕೆ ಬಂಟ್ವಾಳ, ಮೂಡುಬಿದಿರೆಗಳ ಈ ಜಿಲ್ಲೆಯಲ್ಲೇ ಉತ್ತರವಿದೆ. ಪುತ್ತೂರಿನಲ್ಲಿದ್ದು ಶಿವರಾಮ ಕಾರಂತರು ಮೂರು ಸಂಪುಟಗಳ 'ಬಾಲ ಪ್ರಪಂಚ'ವನ್ನು ಹೊರತಂದದ್ದು 1936ರಲ್ಲಿ, ವಿಶ್ವಕಿರಣಗಳಲ್ಲಿ ಮ್ಯುವಾನ್ ಪತ್ತೆಯಾದ ವರ್ಷ. ಬಂಟ್ವಾಳ ತಾಲೂಕಿನ ತೆಂಕಣ ಅಂಚಿನ ಅಡ್ಯನಡ್ಕದಿಂದ ಬಂದ ಅಡ್ಯನಡ್ಕ ಕೃಷ್ಣ ಭಟ್ಟರು ಭೌತವಿಜ್ಞಾನದ ಅಧ್ಯಾಪಕರು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲವಿಜ್ಞಾನ' ಮಾಸಪತ್ರಿಕೆಯನ್ನು ಸಂಪಾದಿಸುತ್ತ ರಾಜ್ಯದ ಶಾಲೆ ಶಾಲೆಗೂ ಭೌತವಿಜ್ಞಾನವನ್ನು ಕನ್ನಡದಲ್ಲೇ ಮುಟ್ಟಿಸಿದರು. ಮನೆಯಲ್ಲಿ ತುಳುವೋ ಬ್ಯಾರಿಯೋ ಕೊಂಕಣಿಯೋ ಆಡುವ ಮಕ್ಕಳಿಗೆ ಕನ್ನಡವೇ ಎರಡನೆಯ ಭಾಷೆ. ಅವರಿಗೆ ಮೂರನೆಯ ಭಾಷೆಯಲ್ಲೇ ಎಲೆಕ್ಟ್ರಾನಿನ ಮೊದಲ ಮಾತು ಕೇಳಿಸಬೇಕೆಂಬ ಹಟ ಏಕೆ?

ಕಣಗಳನ್ನು ಓಡಿಸುವ ಯಂತ್ರ ನೋಡಲು ಜಿನೀವಾಕ್ಕೆ ಹೋಗಬೇಕೆಂದೂ ಇಲ್ಲ. ಬಂಟ್ವಾಳದಿಂದ ದೂರವಿಲ್ಲದ ಕೊಣಾಜೆಯಲ್ಲಿ, ಮಂಗಳೂರು ವಿಶ್ವವಿದ್ಯಾನಿಲಯದ ಆವರಣದಲ್ಲಿ, ಮೈಕ್ರೊಟ್ರಾನ್ ಎಂಬ ವೇಗವರ್ಧಕವಿದೆ. ಅದರಲ್ಲಿ ಎಲೆಕ್ಟ್ರಾನುಗಳು ಅಯಸ್ಕಾಂತದ ನಡುವೆ ಸುತ್ತುತ್ತ, ಸುತ್ತಿಗೊಮ್ಮೆ ತಳ್ಳಿಸಿಕೊಳ್ಳುತ್ತ, ಹೆಚ್ಚೆಚ್ಚು ದೊಡ್ಡ ವೃತ್ತದಲ್ಲಿ ಓಡಿ 80 ಲಕ್ಷ ಎಲೆಕ್ಟ್ರಾನ್ ವೋಲ್ಟಿನ ಶಕ್ತಿ ಪಡೆಯುತ್ತವೆ. ಆಗ ಅವುಗಳ ವೇಗ ಬೆಳಕಿನ ವೇಗದ ಶೇ. 99.8. ಜಿನೀವಾದ 27 ಕಿಲೋಮೀಟರ್ ಸುತ್ತಳತೆಯ ಯಂತ್ರದಲ್ಲೂ ಇದೇ ತಳ್ಳುವುದು, ಇದೇ ಬಾಗಿಸುವುದು, ಗಾತ್ರ ಬೇರೆ.

ಕಣಗಳ ಮಾತಿಗೆ ಯಂತ್ರವೇ ಬೇಕೆಂದಿಲ್ಲ, ಬಾಳೆಹಣ್ಣೂ ಸಾಕು. ಅದರ ಪೊಟ್ಯಾಸಿಯಮ್‌ನಲ್ಲಿ ಒಂದು ಚೂರು ಪಾಲು ತಾನಾಗಿ ಒಡೆಯುವ ಜಾತಿಯದು. ಮಧ್ಯಮ ಗಾತ್ರದ ಹಣ್ಣಿನಲ್ಲಿ ಸೆಕೆಂಡಿಗೆ ಹದಿನೈದರಷ್ಟು ಪರಮಾಣುಗಳು ಒಡೆಯುತ್ತವೆ, ಒಂದೆರಡು ಗಂಟೆಗೊಮ್ಮೆ ಎಲೆಕ್ಟ್ರಾನಿನ ಪ್ರತಿಕಣವಾದ ಪಾಸಿಟ್ರಾನೂ ಹೊರಬರುತ್ತದೆ. ಹತ್ತಿರದ ಎಲೆಕ್ಟ್ರಾನ್ ಸಿಕ್ಕೊಡನೆ ಎರಡೂ ಇಲ್ಲವಾಗಿ ಎರಡು ಗಾಮಾ ಫೋಟಾನುಗಳಾಗುತ್ತವೆ. ಕ್ಯಾನ್ಸರ್ ಪತ್ತೆಗೆ ಮಾಡುವ ಪೆಟ್ ಸ್ಕ್ಯಾನಿನಲ್ಲಿ ಕೆಲಸ ಮಾಡುವುದು ಈ ಗಾಮಾ ಜೋಡಿಯೇ. ತಿನ್ನಲು ಹೆದರಬೇಕಾದ್ದಿಲ್ಲ: ನಮ್ಮ ಮೈಯೊಳಗಿನ ಪೊಟ್ಯಾಸಿಯಮ್‌ನಲ್ಲೇ ಸೆಕೆಂಡಿಗೆ ನಾಲ್ಕು ಸಾವಿರಕ್ಕೂ ಮಿಕ್ಕಿ ಪರಮಾಣುಗಳು ಒಡೆಯುತ್ತಿರುತ್ತವೆ, ದೇಹ ಇದರೊಂದಿಗೇ ಬಾಳಿದೆ.

"ಮುಂದೆ ಒಡೆಯುವ ಪರಮಾಣು ಯಾವುದು ಮಾಷ್ಟ್ರೇ?" ಎಂದು ಮಗು ಕೇಳಬಹುದು. ಇಲ್ಲಿ ಅರುವತ್ತನಾಲ್ಕು ನಾಣ್ಯ ಬೇಕು. ಎಲ್ಲವನ್ನೂ ಒಟ್ಟಿಗೆ ಎಸೆದು ತಲೆ ಬಿದ್ದವನ್ನು ತೆಗೆದಿಡಬೇಕು. ಉಳಿದವನ್ನು ಮತ್ತೆ ಎಸೆಯಬೇಕು. ಮೂವತ್ತೆರಡರ ಹತ್ತಿರ, ಹದಿನಾರರ ಹತ್ತಿರ, ಎಂಟರ ಹತ್ತಿರ ಎಂದು ಸಂಖ್ಯೆ ಇಳಿಯುತ್ತದೆ. ಎಷ್ಟು ಉಳಿಯುತ್ತದೆಂದು ಹೆಚ್ಚುಕಡಿಮೆ ಹೇಳಬಹುದು, ಯಾವುದು ಉಳಿಯುತ್ತದೆಂದು ಹೇಳಲಾಗದು. ಬಾಳೆಹಣ್ಣಿನ ಆ ಪೊಟ್ಯಾಸಿಯಮ್ ಅರ್ಧಕ್ಕಿಳಿಯಲು 125 ಕೋಟಿ ವರ್ಷ ಬೇಕು. ಗಾಳಿಯ ರೇಡಾನಿಗೆ ನಾಲ್ಕು ದಿನ ಸಾಕು. ನಾಣ್ಯದ ವಿಷಯದಲ್ಲಾದರೆ ಕೈಯ ಬೀಸು, ಗಾಳಿ, ನೆಲ ಎಲ್ಲ ಗೊತ್ತಿದ್ದರೆ ಮೊದಲೇ ಹೇಳಬಹುದಿತ್ತು ಎನ್ನಬಹುದು. ಪರಮಾಣುವಿನಲ್ಲೂ ಹಾಗೇ ಏನೋ ಒಳಗೆ ಅಡಗಿರಬೇಕೆಂದು ಐನ್‌ಸ್ಟೈನ್ ಕೊನೆಯವರೆಗೂ ನಂಬಿದ್ದರು. ಅದನ್ನು ಪ್ರಯೋಗದಿಂದಲೇ ತೀರ್ಮಾನಿಸುವ ದಾರಿಯನ್ನು 1964ರಲ್ಲಿ ಜಾನ್ ಬೆಲ್ ತೋರಿಸಿಕೊಟ್ಟರು. ಜಾನ್ ಕ್ಲೌಸರ್, ಅಲೇನ್ ಆಸ್ಪೆ, ಆಂಟನ್ ಝೈಲಿಂಗರ್ ಆ ಪ್ರಯೋಗಗಳನ್ನು ಮಾಡಿದರು. ಉತ್ತರವನ್ನು ಕಣ ಮೊದಲೇ ತನ್ನೊಳಗೆ ಹೊತ್ತುಕೊಂಡು ಬರುತ್ತದೆ, ನಮಗೆ ಕಾಣಿಸುವುದಿಲ್ಲ ಅಷ್ಟೆ ಎಂಬ ಸರಳ ವಿವರಣೆ ನಿಲ್ಲಲಿಲ್ಲ. ಮೂವರಿಗೂ 2022ರಲ್ಲಿ ನೊಬೆಲ್ ಬಂತು. ಆ ಪ್ರಯೋಗಗಳ ವಿವರ ಏಳನೇ ಕ್ಲಾಸಿಗೆ ಹೆಚ್ಚಾಯಿತು. ನಾಣ್ಯದ ಲೆಕ್ಕವನ್ನು ಪುಸ್ತಕದಲ್ಲಿ ಬರೆಸಿ, ಐನ್‌ಸ್ಟೈನರೂ ಇದೇ ಪ್ರಶ್ನೆ ಕೇಳಿದ್ದರು ಎಂದು ಹೇಳಿ, ಉಳಿದದ್ದನ್ನು ಪಿಯುಸಿಗೆ ಬಿಡಬಹುದು.